ತಾಲೀಮು: ಆಪತ್ತು ಬರುವ ಮುನ್ನ ಆಡುವ ಆಟ

ಬಳ್ಳಾರಿ ನಗರಕ್ಕೆ ಯಾವ ದಿಕ್ಕಿನಿಂದ ಬಂದರೂ ದೂರದಿಂದಲೇ ಕಣ್ಣಿಗೆ ಬೀಳುವುದು ಎರಡು ಬಂಡೆಗುಡ್ಡಗಳು. ಒಂದರ ನೆತ್ತಿಯ ಮೇಲೆ ಕೋಟೆಯಿದೆ; ಅದು ಬಳ್ಳಾರಿ ಗುಡ್ಡ. ಇನ್ನೊಂದು ಕುಂಬಾರ ಗುಡ್ಡ. ಆಗ್ನೇಯದಿಂದ ನೋಡಿದವರಿಗೆ ಅದು ಮನುಷ್ಯನ ಮುಖದಂತೆ ಕಾಣುವುದರಿಂದ ಇಂಗ್ಲಿಷರು ‘ಫೇಸ್ ಹಿಲ್’ ಎಂದು ಕರೆದರು. ಮೇಲುಕೋಟೆಯನ್ನು ಕಟ್ಟಿಸಿದವನು ವಿಜಯನಗರದ ಅಧೀನದಲ್ಲಿದ್ದ ಪಾಳೆಯಗಾರ ಹನುಮಪ್ಪ ನಾಯಕ. 18ನೆಯ ಶತಮಾನದ ಉತ್ತರಾರ್ಧದಲ್ಲಿ ಬಳ್ಳಾರಿ ಹೈದರ್ ಅಲಿಯ ಕೈಸೇರಿತು. ಆತ ಒಬ್ಬ ಫ್ರೆಂಚ್ ಎಂಜಿನಿಯರನನ್ನು ಹಿಡಿದು ಮೇಲುಕೋಟೆಯನ್ನು ಭದ್ರಪಡಿಸಿ, ಕೆಳಗೂ ಒಂದು ಕೋಟೆ ಕಟ್ಟಿಸಿದ. ಕೆಲಸವೆಲ್ಲ ಮುಗಿದ ಮೇಲೆ ಬಂದು ನೋಡುತ್ತಾನೆ, ಪಕ್ಕದ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ! ಶತ್ರು ಅದರ ಮೇಲೆ ತೋಪು ಏರಿಸಿ ನಿಲ್ಲಿಸಿದರೆ ಕೋಟೆಯ ಒಳಗಿನದೆಲ್ಲ ಅಂಗೈ ಮೇಲಿನ ನೆಲ್ಲಿಕಾಯಿ. ಸಿಟ್ಟಿಗೆದ್ದ ಹೈದರ್ ಆ ಎಂಜಿನಿಯರನನ್ನು ಕೋಟೆಯ ಪೂರ್ವ ಬಾಗಿಲಲ್ಲೇ ಗಲ್ಲಿಗೇರಿಸಿದನೆಂದು ಕಥೆ. ಆ ಬಾಗಿಲ ಬಳಿಯ ಗೋರಿ ಆತನದೇ ಎನ್ನುವವರಿದ್ದಾರೆ. ಅಲ್ಲ, ಅದು ಒಬ್ಬ ಮುಸ್ಲಿಂ ಸಂತನದು ಎನ್ನುವವರೂ ಇದ್ದಾರೆ.

ಕಥೆಯನ್ನು ಪೂರ್ತಿ ನಂಬುವುದು ಕಷ್ಟ. ಕೋಟೆ ಕಟ್ಟುವುದನ್ನೇ ಕಸುಬಾಗಿ ಕಲಿತವನಿಗೆ ಕಣ್ಣೆದುರಿನ ಗುಡ್ಡ ವರ್ಷಗಟ್ಟಲೆ ಕಾಣಲಿಲ್ಲವೆಂದರೆ ಹೇಗೆ? ಆದರೆ ಜನರ ಬಾಯಲ್ಲಿ ಈ ಕಥೆ ಇನ್ನೂರು ವರ್ಷ ಉಳಿದುಬಂದದ್ದಕ್ಕೆ ಕಾರಣವಿಲ್ಲದೆ ಇಲ್ಲ. ಕೋಟೆಯ ಒಳಗೆ ನಿಂತು ಲೆಕ್ಕ ಹಾಕುವವನಿಗೆ ಗೋಡೆ, ಬುರುಜು, ನೀರಿನ ತೊಟ್ಟಿ ಎಲ್ಲವೂ ಸರಿಯಾಗಿಯೇ ಕಾಣುತ್ತವೆ. ಒಂದು ಗಂಟೆಯ ಹೊತ್ತು ಶತ್ರುವಿನ ವೇಷ ಹಾಕಿಕೊಂಡು ಎದುರು ಗುಡ್ಡದ ಮೇಲೆ ಕುಳಿತಿದ್ದರೆ ಸಾಕಿತ್ತು, ಒಂದು ತಲೆ ಉಳಿಯುತ್ತಿತ್ತು. ಹಾಗೆ ವೇಷ ಹಾಕಿಕೊಂಡು ಅಪಾಯವನ್ನು ಮೊದಲೇ ಆಡಿ ನೋಡುವ ವಿದ್ಯೆಗೆ ಇಂದು ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ‘ಗಂಭೀರ ಆಟ’ ಎಂಬ ಹೆಸರಿದೆ. ಅಮೆರಿಕದ ಕ್ಲಾರ್ಕ್ ಆ್ಯಬ್ಟ್ ಎಂಬ ಸಂಶೋಧಕ 1970ರಲ್ಲಿ ಅದೇ ಹೆಸರಿನ ಪುಸ್ತಕ ಬರೆದ ಮೇಲೆ ಈ ಮಾತು ಚಲಾವಣೆಗೆ ಬಂತು. ಮನರಂಜನೆಯೇ ಮುಖ್ಯವಲ್ಲದ, ಕಲಿಕೆಯ ಉದ್ದೇಶವನ್ನು ಚೆನ್ನಾಗಿ ಯೋಚಿಸಿ ಹೆಣೆದ ಆಟ ಎಂಬುದು ಆತನ ವಿವರಣೆಯ ಸಾರ. ಹೆಸರು ಹೊಸದು, ವಿದ್ಯೆ ಹಳೆಯದು.

ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಮಾತೊಂದು ಮೊದಲಿನಿಂದಲೂ ಇದೆ: ತಾಲೀಮು. ಅರಬ್ಬಿಯಲ್ಲಿ ಪಾಠ, ಶಿಕ್ಷಣ ಎಂಬ ಅರ್ಥವಿದ್ದ ಶಬ್ದ ಇದು. ಕನ್ನಡಕ್ಕೆ ಬರುವಷ್ಟರಲ್ಲಿ ಎರಡು ಮನೆಗಳನ್ನು ಹೊಕ್ಕಿತು. ಒಂದು ಪೈಲ್ವಾನರ ಗರಡಿ, ಇನ್ನೊಂದು ನಾಟಕದವರ ರಂಗ. ಬಳ್ಳಾರಿ ಈ ಎರಡಕ್ಕೂ ಹೆಸರಾದ ಊರು. ವಕೀಲಿ ವೃತ್ತಿಯ ಜೊತೆಗೆ ಬಣ್ಣ ಹಚ್ಚಿದ ಬಳ್ಳಾರಿ ರಾಘವ (1880–1946), ತೆಲುಗು ನಾಟಕದ ಪಿತಾಮಹರೆನಿಸಿದ ಧರ್ಮವರಂ ಕೃಷ್ಣಮಾಚಾರ್ಯರು, ಜೋಳದರಾಶಿಯ ದೊಡ್ಡನಗೌಡರು, ಇವರೆಲ್ಲ ಈ ನೆಲದವರು. ನಾಟಕದವರು ‘ಇವತ್ತು ರಾತ್ರಿ ತಾಲೀಮು’ ಎಂದರೂ, ಪೈಲ್ವಾನ ‘ತಾಲೀಮಿಗೆ ಹೊರಟೆ’ ಎಂದರೂ ಒಳ ಅರ್ಥ ಒಂದೇ. ತಪ್ಪುವುದಿದ್ದರೆ ಇಲ್ಲೇ ತಪ್ಪಿಕೊಳ್ಳಿ, ಅಖಾಡದಲ್ಲಿ ತಪ್ಪಬೇಡಿ. ತಪ್ಪಿಗೆ ದಂಡ ತೆರಬೇಕಿಲ್ಲದ ಜಾಗವೇ ತಾಲೀಮಿನ ಜಾಗ.

ಇದೇ ಸೀಮೆಯ ಗುಡಿಗಳ ಕಲ್ಲುಹಾಸಿನ ಮೇಲೆ, ಊರ ಮುಂದಿನ ಕಟ್ಟೆಗಳ ಮೇಲೆ ಕೊರೆದ ಗೆರೆಗಳನ್ನು ನೋಡಿದವರಿಗೆ ಇನ್ನೊಂದು ಬಗೆಯ ತಾಲೀಮು ನೆನಪಾದೀತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗುವವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಹಂಪಿಯಲ್ಲಿ ಇಂಥ ಆಟದ ಮನೆಗಳು ಹೇರಳ. ಅವುಗಳಲ್ಲಿ ಹುಲಿ-ಕುರಿ ಆಟದ್ದು ವಿಚಿತ್ರ ಸ್ವಭಾವ. ಚದುರಂಗದಲ್ಲಿ ಎರಡೂ ಕಡೆಯವರಿಗೆ ಸರಿಸಮ ಸೈನ್ಯವಿರುತ್ತದೆ. ಇಲ್ಲಿ ಹಾಗಲ್ಲ. ಒಬ್ಬನ ಕೈಯಲ್ಲಿ ಮೂರೇ ಹುಲಿ, ಇನ್ನೊಬ್ಬನ ಕೈಯಲ್ಲಿ ಹದಿನೈದು ಕುರಿ. ಊರಿಂದೂರಿಗೆ ಎಣಿಕೆ ಸ್ವಲ್ಪ ಹೆಚ್ಚುಕಡಿಮೆ. ಹುಲಿ ಒಂಟಿ ಕುರಿಯನ್ನು ಹಾರಿ ತಿನ್ನಬಲ್ಲದು. ಕುರಿಗೆ ಹಾರಲು ಬಾರದು, ಕಚ್ಚಲು ಬಾರದು. ಬೆನ್ನಿಗೆ ಇನ್ನೊಂದು ಕುರಿ ನಿಂತರೆ ಮಾತ್ರ ಅದು ಉಳಿಯುತ್ತದೆ, ಸಾಲುಗಟ್ಟಿ ನಿಂತರೆ ಹುಲಿಯನ್ನೇ ಕಟ್ಟಿಹಾಕುತ್ತದೆ. ಕುರಿ ಕಾಯುವ ಹುಡುಗರು ಬೇಸಗೆಯ ಮಧ್ಯಾಹ್ನ ಆಡಿದ ಈ ಆಟದಲ್ಲಿ ಯಾರೂ ಪಾಠ ಹೇಳುವುದಿಲ್ಲ. ಎರಡು ಕುರಿ ಕಳೆದುಕೊಂಡ ಮೇಲೆ ಹುಡುಗನಿಗೆ ತಾನಾಗಿಯೇ ಗೊತ್ತಾಗುತ್ತದೆ.

ಇಂಥ ವಿನೋದಗಳನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿ ಬರೆದವನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. 12ನೆಯ ಶತಮಾನದ ಮೊದಲ ಭಾಗದಲ್ಲಿ ಆತ ರಚಿಸಿದ ‘ಮಾನಸೋಲ್ಲಾಸ’ ಸಂಸ್ಕೃತದ ಕೃತಿಯಾದರೂ ಅದರಲ್ಲಿ ತುಂಬಿರುವುದು ಕನ್ನಡ ನಾಡಿನ ಅರಮನೆ, ಅಡುಗೆಮನೆ, ಅಖಾಡಗಳ ಬದುಕು. ಬಳ್ಳಾರಿಯ ಉತ್ತರಕ್ಕಿರುವ ಕುರುಗೋಡು ಆಗ ಚಾಲುಕ್ಯರ ಮಾಂಡಲಿಕರಾದ ಸಿಂದರ ರಾಜಧಾನಿ. ಅಲ್ಲಿನ ಹಳೆಯ ಗುಡಿಗಳ ಸಾಲು, ಶಾಸನಗಳು, ಗುಡ್ಡದ ಕೋಟೆ, ಏಕಶಿಲೆಯ ದೊಡ್ಡ ಬಸವ, ಇವೆಲ್ಲ ಆ ಸಣ್ಣ ಊರಿನ ಹಿಂದಿನ ದೊಡ್ಡಸ್ತಿಕೆಯನ್ನು ಇಂದಿಗೂ ಹೇಳುತ್ತವೆ. ಕುರುಗೋಡಿನಂಥ ಮಾಂಡಲಿಕರ ಊರುಗಳು ಚಕ್ರವರ್ತಿಗೆ ಆಳು, ಕುದುರೆ, ಆನೆಗಳನ್ನು ಒದಗಿಸಬೇಕಿತ್ತು. ಯುದ್ಧವಿಲ್ಲದ ದಿನಗಳಲ್ಲಿ ಆ ಆಳುಗಳ ಮೈ ಜಡ್ಡುಗಟ್ಟದಂತೆ ಇಟ್ಟದ್ದು ಯಾವುದು? ಸೋಮೇಶ್ವರ ವರ್ಣಿಸುವ ಮಲ್ಲಯುದ್ಧ, ಶಸ್ತ್ರವಿನೋದ, ಕುದುರೆಯೇರಿ ಆಡುವ ಚೆಂಡಾಟಗಳನ್ನು ಈ ದೃಷ್ಟಿಯಿಂದ ಓದಬೇಕು. ಮಲ್ಲರನ್ನು ವಯಸ್ಸು, ಶಕ್ತಿಗಳಿಗೆ ತಕ್ಕಂತೆ ದರ್ಜೆ ಮಾಡಿ, ಯಾರಿಗೆ ಎಂಥ ಆಹಾರ, ಎಷ್ಟು ವ್ಯಾಯಾಮ ಎಂದು ಆತ ವಿವರಿಸುತ್ತಾನೆ. ಎಳೆಯನನ್ನು ಬಲಿತವನೊಡನೆ ಬಿಟ್ಟು ಮೂಳೆ ಮುರಿಸಬಾರದೆಂಬ ಎಚ್ಚರ ಆ ವರ್ಗೀಕರಣದ ಹಿಂದೆ ಇದೆ. ತರಬೇತಿಯ ಆಟಕ್ಕೂ ಸುರಕ್ಷತೆಯ ನಿಯಮ ಬೇಕೆಂಬುದು ಒಂಬೈನೂರು ವರ್ಷಗಳ ಹಿಂದೆಯೇ ತಿಳಿದಿತ್ತು.

ನಾಲ್ಕು ಶತಮಾನಗಳ ನಂತರ ವಿಜಯನಗರಕ್ಕೆ ಬಂದ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ 1520ರ ಸುಮಾರಿಗೆ ಕಂಡದ್ದೂ ಇದನ್ನೇ. ಕೃಷ್ಣದೇವರಾಯ ನಸುಕಿಗೆ ಮುಂಚೆ ಎದ್ದು ಎಳ್ಳೆಣ್ಣೆ ಕುಡಿದು, ಮೈಗೆ ಎಣ್ಣೆ ತಿಕ್ಕಿಸಿಕೊಂಡು, ಮಣ್ಣಿನ ಭಾರದ ಗುಂಡುಗಳನ್ನೆತ್ತಿ, ಕತ್ತಿ ತಿರುಗಿಸಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಸಾಧನೆ ಮಾಡುತ್ತಿದ್ದನಂತೆ. ಆಮೇಲೆ ತನ್ನ ಜಟ್ಟಿಗಳಲ್ಲೊಬ್ಬನ ಜೊತೆ ಕುಸ್ತಿ, ಅದಾದ ಮೇಲೆ ಬೆಳಗಾಗುವವರೆಗೆ ಕುದುರೆ ಸವಾರಿ. ಮಹಾನವಮಿಯ ಒಂಬತ್ತು ದಿನಗಳ ಉತ್ಸವದಲ್ಲಿ ಜಟ್ಟಿಗಳ ಕಾಳಗ, ಆನೆ ಕುದುರೆಗಳ ಮೆರವಣಿಗೆ. ಕಡೆಗೆ ಇಡೀ ಸೈನ್ಯದ ತಪಾಸಣೆ. ಹಬ್ಬವೆಂದರೆ ಹಬ್ಬ, ತಾಲೀಮು ಎಂದರೆ ತಾಲೀಮು. ಮಳೆಗಾಲ ಮುಗಿದು ದಂಡಯಾತ್ರೆಯ ಕಾಲ ತೆರೆಯುವ ಹೊತ್ತಿಗೆ ಸರಿಯಾಗಿ ಈ ಹಬ್ಬ ಬರುತ್ತಿದ್ದುದು ಆಕಸ್ಮಿಕವಲ್ಲ.

ಆಟ ಪುಸ್ತಕದ ಶಿಸ್ತಿಗೆ ಬಂದದ್ದು ಮಾತ್ರ ಜರ್ಮನಿಯಲ್ಲಿ. ಭಾರತದ ಚತುರಂಗ ಪರ್ಷಿಯ, ಅರಬ್ ದೇಶಗಳ ಮೂಲಕ ಯುರೋಪಿಗೆ ಹೋಗಿ ಚೆಸ್ ಆದದ್ದು ಎಲ್ಲರಿಗೂ ಗೊತ್ತು. 18ನೆಯ ಶತಮಾನದ ಕೊನೆಗೆ ಅಲ್ಲಿನ ಕೆಲವರು ಈ ಚೌಕದ ಹಾಸನ್ನೇ ಹಿಗ್ಗಿಸಿ, ಗುಡ್ಡ, ಹೊಳೆ, ಕಾಡುಗಳ ಮನೆಗಳನ್ನು ಸೇರಿಸಿ ‘ಯುದ್ಧದ ಚದುರಂಗ’ ಮಾಡಿದರು. ಚೌಕಗಳನ್ನೇ ಕಿತ್ತೆಸೆದವನು ಪ್ರಷ್ಯದ ರೈಸ್ವಿಟ್ಜ್. 1812ರಲ್ಲಿ ಆತ ಭೂಪ್ರದೇಶದ ಮಾದರಿಯಿದ್ದ ಒಂದು ಮೇಜನ್ನು ರಾಜನಿಗೆ ಒಪ್ಪಿಸಿದ. ಸೇನಾಧಿಕಾರಿಯಾಗಿದ್ದ ಆತನ ಮಗ 1824ರಲ್ಲಿ ಅದಕ್ಕೆ ಪೂರ್ಣ ನಿಯಮಾವಳಿ ಬರೆದ. ಒಂದಕ್ಕೆ ಎಂಟು ಸಾವಿರದ ಪ್ರಮಾಣದ ನಕ್ಷೆ. ಒಂದೊಂದು ಸರದಿಗೆ ಯುದ್ಧಭೂಮಿಯ ಎರಡು ನಿಮಿಷ. ಗುಂಡು ತಗುಲಿತೋ ಇಲ್ಲವೋ ಎಂಬುದಕ್ಕೆ ದಾಳ. ಇವೆಲ್ಲಕ್ಕಿಂತ ದೊಡ್ಡ ಉಪಾಯವೆಂದರೆ ನಡುವೆ ಕುಳಿತ ತೀರ್ಪುಗಾರ. ಎರಡೂ ಕಡೆಯವರು ತಮ್ಮ ಆಜ್ಞೆಗಳನ್ನು ಬರೆದು ಆತನಿಗೆ ಕೊಡಬೇಕು. ಶತ್ರು ಎಲ್ಲಿದ್ದಾನೆಂಬುದನ್ನು, ಗೂಢಚಾರರಿಗೆ ಕಾಣುವಷ್ಟನ್ನು ಮಾತ್ರ, ಆತ ತಿಳಿಸುತ್ತಾನೆ. ಹೀಗಾಗಿ ಅರೆಬರೆ ಸುದ್ದಿಯ ಮೇಲೆ, ಗಡಿಬಿಡಿಯಲ್ಲಿ, ನಿರ್ಧಾರ ಮಾಡುವ ಅಭ್ಯಾಸ ಕುಳಿತಲ್ಲೇ ಆಗುತ್ತಿತ್ತು. ಅದನ್ನು ನೋಡಿದ ಪ್ರಷ್ಯದ ಸೇನಾಮುಖ್ಯಸ್ಥ ಮುಫ್ಲಿಂಗ್, ಇದು ಆಟವೇ ಅಲ್ಲ, ಯುದ್ಧದ ಪಾಠಶಾಲೆ ಎಂಬರ್ಥದ ಮಾತಾಡಿ ಇಡೀ ಸೈನ್ಯಕ್ಕೆ ಅದನ್ನು ಶಿಫಾರಸು ಮಾಡಿದ.

1870–71ರಲ್ಲಿ ಪ್ರಷ್ಯ ಫ್ರಾನ್ಸನ್ನು ಸೋಲಿಸಿದ ಮೇಲೆ ಉಳಿದ ದೇಶಗಳೂ ಈ ಆಟದ ಕಡೆ ಕಣ್ಣು ಹಾಯಿಸಿದವು. ಇಂಗ್ಲಿಷ್ ಸೈನ್ಯಕ್ಕೆ 1872ರಲ್ಲಿ ಇದರ ನಿಯಮಗಳನ್ನು ಬರೆದುಕೊಟ್ಟವನು ಕ್ಯಾಪ್ಟನ್ ಎವೆಲಿನ್ ಬೇರಿಂಗ್. ಅದೇ ವರ್ಷ ಆತ ವೈಸರಾಯ್ ನಾರ್ತ್‌ಬ್ರೂಕನ ಖಾಸಗಿ ಕಾರ್ಯದರ್ಶಿಯಾಗಿ ಭಾರತಕ್ಕೆ ಬಂದ. ಚತುರಂಗ ತನ್ನ ತವರಿಗೆ ಮೀಸೆ ಬೆಳೆಸಿಕೊಂಡು ಮರಳಿದಂತಾಯಿತು. 1800ರಲ್ಲಿ ನಿಜಾಮನಿಂದ ಕಂಪನಿಯ ಕೈಸೇರಿದ ಬಳ್ಳಾರಿ ಆ ಹೊತ್ತಿಗೆ ಮದರಾಸು ಪ್ರಾಂತ್ಯದ ದೊಡ್ಡ ದಂಡುಗಳಲ್ಲಿ ಒಂದಾಗಿ ಬೆಳೆದಿತ್ತು. ಊರಿನ ‘ಕಂಟೋನ್ಮೆಂಟ್’ ಎಂಬ ಹೆಸರು ಉಳಿದದ್ದು ಆ ಕಾಲದಿಂದ.

ಆದರೆ ಆಟ ಆಡಿದ ಮಾತ್ರಕ್ಕೆ ಪಾಠ ಕಲಿತಂತಲ್ಲ. ಇದಕ್ಕೆ ಪ್ರಸಿದ್ಧ ಉದಾಹರಣೆ 1942ರ ಮೇ ತಿಂಗಳಿನದು. ಮಿಡ್‌ವೇ ದ್ವೀಪದ ಮೇಲಿನ ದಾಳಿಗೆ ಮುನ್ನ ಜಪಾನಿನ ನೌಕಾಧಿಕಾರಿಗಳು ಯಮಾಟೊ ಹಡಗಿನಲ್ಲಿ ಮೇಜಿನ ಮೇಲೆ ಆ ಯುದ್ಧವನ್ನು ಆಡಿದರು. ದಾಳ ಹಾಕಿದಾಗ ಅಮೆರಿಕದ ಬಾಂಬುಗಳು ಜಪಾನಿನ ವಿಮಾನವಾಹಕ ಹಡಗುಗಳಿಗೆ ತಗುಲಿ ಹಡಗು ಮುಳುಗಿತು. ಆಟ ನಡೆಸುತ್ತಿದ್ದ ಅಡ್ಮಿರಲ್ ಉಗಾಕಿ, ತಗುಲಿದ ಬಾಂಬುಗಳ ಸಂಖ್ಯೆಯನ್ನು ಒಂಬತ್ತರಿಂದ ಮೂರಕ್ಕೆ ಇಳಿಸಿದ. ಮುಳುಗಿದ್ದ ಹಡಗು ಮುಂದಿನ ಆಟದಲ್ಲಿ ಮತ್ತೆ ತೇಲಿತು ಎಂದು ಅಲ್ಲಿದ್ದ ಫುಚಿಡಾ ಎಂಬ ಅಧಿಕಾರಿ ಯುದ್ಧಾನಂತರ ಬರೆದ. ಜೂನ್ ತಿಂಗಳಿನ ನಿಜವಾದ ಯುದ್ಧದಲ್ಲಿ ಜಪಾನಿನ ನಾಲ್ಕು ವಿಮಾನವಾಹಕಗಳು ಮುಳುಗಿದವು, ಅವುಗಳನ್ನು ತೇಲಿಸುವ ತೀರ್ಪುಗಾರರಿರಲಿಲ್ಲ. ಕುಂಬಾರ ಗುಡ್ಡ ಕಾಣಿಸಿದರೂ ಕಣ್ಣು ಮುಚ್ಚಿಕೊಳ್ಳುವುದು ಎಂದರೆ ಇದು.

ಕೊಲ್ಲುವುದನ್ನು ಕಲಿಸಲು ಹುಟ್ಟಿದ ವಿದ್ಯೆ ಪ್ರಾಣ ಉಳಿಸುವುದಕ್ಕೆ ತಿರುಗಿದ್ದು ಒಂದು ಮೋಜಿನ ಯಂತ್ರದಿಂದ. ಅಮೆರಿಕದ ಎಡ್ವಿನ್ ಲಿಂಕ್ ಆರ್ಗನ್ ವಾದ್ಯ ತಯಾರಿಸುವವರ ಮನೆಯ ಹುಡುಗ. ಆರ್ಗನ್ನಿಗೆ ಗಾಳಿಯೂದುವ ತಿದಿಗಳ ಮೇಲೆ ಒಂದು ಗಿಡ್ಡ ವಿಮಾನವನ್ನು ಕೂರಿಸಿ, ಚುಕ್ಕಾಣಿ ತಿರುಗಿಸಿದ ಕಡೆಗೆ ಅದು ವಾಲುವಂತೆ 1929ರಲ್ಲಿ ಮಾಡಿದ. ಕಂಪನಿ ನಾಟಕಗಳ ಕಾಲು ಹಾರ್ಮೋನಿಯಂ ನೋಡಿದವರಿಗೆ ಈ ಗಾಳಿಯ ಉಪಾಯ ಹೊಸದೆನಿಸದು. ಅದನ್ನು ಮೊದಲು ಕೊಂಡವರು ಜಾತ್ರೆಯಂಥ ಮನರಂಜನಾ ಉದ್ಯಾನಗಳ ಮಾಲೀಕರು. 1934ರಲ್ಲಿ ಅಂಚೆ ಸಾಗಿಸುವ ಕೆಲಸ ಅಮೆರಿಕದ ಸೇನೆಯ ವಿಮಾನಗಳಿಗೆ ಬಂದಾಗ, ಮೋಡದಲ್ಲಿ ಉಪಕರಣ ನೋಡಿ ಹಾರಲು ಬಾರದ ಪೈಲಟ್‌ಗಳು ಕೆಲವೇ ವಾರಗಳಲ್ಲಿ ಒಬ್ಬರಾದ ಮೇಲೊಬ್ಬರಂತೆ ಸತ್ತರು. ಆಗ ಸೇನೆ ಲಿಂಕ್‌ನಿಂದ ಆರು ಯಂತ್ರಗಳನ್ನು ಕೊಂಡಿತು. ಇಂದಿನ ವಿಮಾನ ತರಬೇತಿಯ ಸಿಮ್ಯುಲೇಟರುಗಳೆಲ್ಲ ಅದರ ಸಂತತಿ. ಗಣಿಗಳಲ್ಲೂ ಇದೇ ದಾರಿ. ಸಂಡೂರಿನ ಕಬ್ಬಿಣದ ಗುಡ್ಡಗಳಲ್ಲಿ ಕೆಲಸಕ್ಕೆ ಸೇರುವವರಿಗೆ 1966ರ ಗಣಿ ವೃತ್ತಿ ತರಬೇತಿ ನಿಯಮಗಳ ಪ್ರಕಾರ ಪಾಠ ಕಡ್ಡಾಯ. ವರ್ಷಕ್ಕೊಮ್ಮೆ ಬರುವ ಗಣಿ ಸುರಕ್ಷಾ ಸಪ್ತಾಹದಲ್ಲಿ ಪ್ರಥಮ ಚಿಕಿತ್ಸೆಯ ಸ್ಪರ್ಧೆ, ಕಸುಬಿನ ಸ್ಪರ್ಧೆಗಳಿಗೆ ಬಹುಮಾನ. ಗಾಯಾಳುವಿನಂತೆ ನಟಿಸುವವನನ್ನು ಸ್ಟ್ರೆಚರಿನ ಮೇಲೆ ಹೊತ್ತೋಡುವ ತಂಡವನ್ನು ಮಿಕ್ಕ ಕಾರ್ಮಿಕರು ಹುರಿದುಂಬಿಸುವಾಗ ಅದು ಆಟವೋ ಪಾಠವೋ ಹೇಳುವುದು ಕಷ್ಟ.

ಸಿರುಗುಪ್ಪದ ಅಪಾಯ ಗಣಿಯದಲ್ಲ, ನೀರಿನದು. ತಾಲ್ಲೂಕಿನ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತದೆ. ವೇದಾವತಿ, ಇಲ್ಲಿನವರ ಬಾಯಲ್ಲಿ ಹಗರಿ, ಇದೇ ತಾಲ್ಲೂಕಿನಲ್ಲಿ ಬಂದು ಅದನ್ನು ಕೂಡುತ್ತದೆ. ವರ್ಷದ ಬಹುಕಾಲ ಮರಳು ಮಾತ್ರ ಕಾಣುವ ಹಗರಿಯನ್ನು ನೋಡಿದವರು ಅದಕ್ಕೆ ಹೆದರುವುದಿಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದ ಮೇಲೆ ಸುರಿದ ಮಳೆ ಆ ಧೈರ್ಯವನ್ನು ಕೊಚ್ಚಿಕೊಂಡು ಹೋಯಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಸಿರುಗುಪ್ಪ ತಾಲ್ಲೂಕಿನ ಹೊಳೆದಂಡೆಯ ಊರುಗಳಲ್ಲಿ ನೀರು ಮನೆ ಹೊಕ್ಕಿತು. ಬರದ ಜಿಲ್ಲೆಯೆಂದೇ ಹೆಸರಾದ ಸೀಮೆಗೆ ಪ್ರವಾಹದ ಅಭ್ಯಾಸವಿರಲಿಲ್ಲ. ಯಾವ ದಾರಿ ಮೊದಲು ಮುಳುಗುತ್ತದೆ, ಮುದುಕರನ್ನು ಯಾರು ಹೊರಬೇಕು, ದನಗಳ ಕಣ್ಣಿ ಯಾವಾಗ ಬಿಚ್ಚಬೇಕು ಎಂಬುದೆಲ್ಲ ನೀರು ಹೊಸ್ತಿಲಿಗೆ ಬಂದ ಮೇಲೆ ಯೋಚಿಸಬೇಕಾಯಿತು. ಆ ಮೇಲೆ ‘ಆಸರೆ’ ಯೋಜನೆಯಡಿ ಎತ್ತರದ ಜಾಗಗಳಲ್ಲಿ ಹೊಸ ಮನೆಗಳು ಎದ್ದವು. ಕಟ್ಟಡ ಬಂತು, ತಾಲೀಮು ಬರಲಿಲ್ಲ ಎಂದು ಹೇಳಿದರೆ ತಪ್ಪಾಗಲಾರದು.

2024ರ ಆಗಸ್ಟ್ 10ರ ರಾತ್ರಿ ಇನ್ನೊಂದು ಪರೀಕ್ಷೆ. ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿ ತುಳುಕುತ್ತಿತ್ತು. ಒಂದೇ ಕಡೆ ಒತ್ತಡ ಬೀಳದಿರಲೆಂದು ಮಿಕ್ಕ ಗೇಟುಗಳನ್ನೂ ತೆರೆದು ಲಕ್ಷ ಕ್ಯುಸೆಕ್‌ಗೆ ಮೀರಿ ನೀರು ಬಿಡಬೇಕಾಯಿತು; ಕಂಪ್ಲಿ, ಸಿರುಗುಪ್ಪಗಳ ಹೊಳೆದಂಡೆಗೆ ಎಚ್ಚರಿಕೆ ಹೋಯಿತು. ಒಂದು ವಾರದೊಳಗೆ, ಹರಿಯುವ ನೀರಿನ ನಡುವೆಯೇ, ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಉಕ್ಕಿನ ಹಲಗೆಗಳನ್ನು ಒಂದೊಂದಾಗಿ ಇಳಿಸಿ ಆ ಬಾಯಿ ಮುಚ್ಚಲಾಯಿತು. ಆ ದಿನಗಳಲ್ಲಿ ನಾಡೆಲ್ಲ ಉಸಿರು ಬಿಗಿಹಿಡಿದು ನೋಡಿದ್ದು ಅಣೆಕಟ್ಟೆಯನ್ನು. ಕೆಳಗಿನ ಊರುಗಳ ಜನ ಆ ರಾತ್ರಿ ಯಾವ ದಾರಿಯಲ್ಲಿ ಎಲ್ಲಿಗೆ ನಡೆಯಬೇಕಿತ್ತೆಂಬುದು ಅಷ್ಟಾಗಿ ಚರ್ಚೆಗೆ ಬರಲಿಲ್ಲ.

ಮೊದಲೇ ಆಡಿ ನೋಡಿದ ಊರುಗಳ ಕಥೆ ಬೇರೆ. ಒಡಿಶಾದಲ್ಲಿ 1999ರ ಚಂಡಮಾರುತಕ್ಕೆ ಸುಮಾರು ಹತ್ತು ಸಾವಿರ ಜನ ಬಲಿಯಾದರು. ಆಮೇಲೆ ಕರಾವಳಿಯ ಊರುಗಳಲ್ಲಿ ಆಶ್ರಯ ಕಟ್ಟಡಗಳ ಜೊತೆಗೆ ವರ್ಷವರ್ಷವೂ ತಾಲೀಮು ನಡೆಯಿತು. 2013ರಲ್ಲಿ ಫೈಲಿನ್ ಅಪ್ಪಳಿಸಿದಾಗ ಸುಮಾರು 10 ಲಕ್ಷ ಜನ ಮೊದಲೇ ಸ್ಥಳಾಂತರಗೊಂಡಿದ್ದರು. ಸತ್ತವರು ಐವತ್ತಕ್ಕಿಂತ ಕಡಿಮೆ. ಜಪಾನಿನ ಕಾಮೈಶಿ ಎಂಬ ಊರಿನ ಶಾಲೆಗಳಲ್ಲಿ ತೋಶಿತಾಕಾ ಕಟಾಡಾ ಎಂಬ ಪ್ರಾಧ್ಯಾಪಕ ವರ್ಷಗಳ ಕಾಲ ಮಕ್ಕಳಿಗೆ ಸುನಾಮಿಯಿಂದ ತಪ್ಪಿಸಿಕೊಳ್ಳುವುದನ್ನು ಅಭ್ಯಾಸ ಮಾಡಿಸಿದ್ದರು. ಸರ್ಕಾರಿ ನಕ್ಷೆಯನ್ನೂ ಪೂರ್ತಿ ನಂಬಬೇಡಿ ಎಂಬುದು ಅವರ ಮೊದಲ ಪಾಠ. 2011ರ ಮಾರ್ಚ್ 11ರಂದು ಭೂಮಿ ನಡುಗಿದಾಗ ಅಲ್ಲಿನ ಮಾಧ್ಯಮಿಕ ಶಾಲೆಯ ಮಕ್ಕಳು ಎದ್ದು ಓಡಿದರು. ಅವರನ್ನು ನೋಡಿ ಪಕ್ಕದ ಪ್ರಾಥಮಿಕ ಶಾಲೆಯವರೂ ಹೊರಟರು. ಗೊತ್ತುಮಾಡಿದ ಜಾಗ ಸಾಲದೆಂದು ಕಂಡಾಗ ಇನ್ನೂ ಮೇಲಕ್ಕೆ ಹತ್ತಿದರು. ಆ ಎರಡೂ ಶಾಲೆಗಳು ನಕ್ಷೆಯ ಪ್ರಕಾರ ನೀರು ಮುಟ್ಟದ ಜಾಗದಲ್ಲಿದ್ದವು, ಎರಡೂ ಮುಳುಗಿದವು. ಆ ಊರಿನ ಸುಮಾರು ಮೂರು ಸಾವಿರ ಶಾಲಾ ಮಕ್ಕಳಲ್ಲಿ ಬಹುತೇಕ ಎಲ್ಲರೂ ಉಳಿದರು. ಅದೇ ಮಧ್ಯಾಹ್ನ ಅದೇ ಕರಾವಳಿಯ ಒಕಾವಾ ಎಂಬಲ್ಲಿ, ಎಲ್ಲಿಗೆ ಹೋಗುವುದೆಂದು ಅಂಗಳದಲ್ಲೇ ಚರ್ಚಿಸುತ್ತ ಮುಕ್ಕಾಲು ಗಂಟೆಗೂ ಹೆಚ್ಚು ಕಳೆದ ಒಂದು ಪ್ರಾಥಮಿಕ ಶಾಲೆಯ 74 ಮಕ್ಕಳು ನೀರಿನ ಪಾಲಾದರು.

ನಮ್ಮಲ್ಲಿಯೂ ಈಗೀಗ ಇಂಥ ಅಭ್ಯಾಸಗಳು ನಡೆಯುತ್ತವೆ. 2025ರ ಮೇ 7ರಂದು ದೇಶದಾದ್ಯಂತ ನಾಗರಿಕ ರಕ್ಷಣೆಯ ಅಭ್ಯಾಸ ನಡೆದಾಗ ಸಿರುಗುಪ್ಪದ ಆಚೆ ದಡದ ರಾಯಚೂರು ಜಿಲ್ಲೆಯೂ ಪಟ್ಟಿಯಲ್ಲಿತ್ತು. ಪತ್ರಿಕೆಗಳು, ಪ್ರಕಟಣೆಗಳು ಇವನ್ನು ‘ಅಣಕು ಪ್ರದರ್ಶನ’, ‘ಅಣಕು ಕಾರ್ಯಾಚರಣೆ’ ಎನ್ನುತ್ತವೆ. ಇಂಗ್ಲಿಷಿನ ‘ಮಾಕ್’ ಶಬ್ದಕ್ಕೆ ನಿಘಂಟು ತೆರೆದು ಹಾಕಿದ ಅನುವಾದ ಇದು. ಅಣಕಿಸುವುದೆಂದರೆ ಕನ್ನಡದಲ್ಲಿ ಗೇಲಿ ಮಾಡುವುದು. ಬೆಂಕಿ, ಪ್ರವಾಹಗಳನ್ನು ಯಾರಾದರೂ ಗೇಲಿ ಮಾಡುತ್ತಾರೆಯೆ? ಶಬ್ದದ ದೋಷ ಹೋಗಲಿ, ‘ಪ್ರದರ್ಶನ’ ಎಂಬ ಜೊತೆಗಾರ ಪದವೇ ಹೆಚ್ಚು ತೊಂದರೆಯದು. ಎಷ್ಟು ಹೊತ್ತಿಗೆ ಬೆಂಕಿ ಹೊತ್ತುತ್ತದೆ, ಯಾರು ಓಡಿಬರುತ್ತಾರೆ, ಯಾರು ಚಪ್ಪಾಳೆ ತಟ್ಟುತ್ತಾರೆ ಎಂಬುದು ಮೊದಲೇ ಗೊತ್ತಿದ್ದರೆ ಅದು ನಾಟಕದ ಪ್ರಯೋಗವೇ ಹೊರತು ತಾಲೀಮಲ್ಲ. ಉಗಾಕಿಯ ಹಡಗಿನಂತೆ ಅಲ್ಲಿ ಯಾರೂ ಮುಳುಗುವುದಿಲ್ಲ.

ಈ ದೋಷಕ್ಕೆ ಮದ್ದು ಹುಡುಕಿದವರಲ್ಲಿ ಕ್ಯೋಟೊ ವಿಶ್ವವಿದ್ಯಾಲಯದ ಕಟ್ಸುಯಾ ಯಾಮೊರಿ ಮುಖ್ಯರು. 1995ರ ಕೋಬೆ ಭೂಕಂಪದಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ದಿನಗಳಲ್ಲಿ ದುಡಿದ ಕೋಬೆ ನಗರಸಭೆಯ ನೌಕರರನ್ನು ಯಾಮೊರಿ ಮತ್ತವರ ಸಹೋದ್ಯೋಗಿಗಳು ಕೂರಿಸಿ ಮಾತಾಡಿಸಿದರು. ಎಲ್ಲರ ಬಾಯಲ್ಲೂ ಬಂದದ್ದು ಸಾಹಸದ ಮಾತಲ್ಲ, ಸಂಕಟದ ಮಾತು: ಈ ಕಡೆ ಹೋದರೂ ತಪ್ಪು, ಆ ಕಡೆ ಹೋದರೂ ತಪ್ಪು ಎನ್ನುವಂಥ ನಿರ್ಧಾರಗಳು. ಅವನ್ನೇ ಪ್ರಶ್ನೆಗಳಾಗಿಸಿ ‘ಕ್ರಾಸ್‌ರೋಡ್’ ಎಂಬ ಚೀಟಿಯಾಟ ಮಾಡಿದರು. ಅದರ ಒಂದು ಪ್ರಶ್ನೆ ಹೀಗಿದೆ. ನೀವು ಆಹಾರ ಹಂಚುವ ಅಧಿಕಾರಿ. ಆಶ್ರಯ ಕೇಂದ್ರದಲ್ಲಿ ಮೂರು ಸಾವಿರ ಜನರಿದ್ದಾರೆ, ಬಂದಿರುವುದು ಎರಡು ಸಾವಿರ ಜನರ ಊಟ. ಮುಂದಿನ ಗಾಡಿ ಯಾವಾಗ ಬರುತ್ತದೋ ಗೊತ್ತಿಲ್ಲ. ಹಂಚುತ್ತೀರೋ, ಇಲ್ಲವೋ? ಆಡುವವರು ‘ಹೌದು’ ಅಥವಾ ‘ಇಲ್ಲ’ ಎಂಬ ಚೀಟಿಯನ್ನು ಮಗುಚಿ ಇಡಬೇಕು, ಎಲ್ಲರೂ ಒಟ್ಟಿಗೆ ತೆರೆಯಬೇಕು, ಆಮೇಲೆ ತಮ್ಮ ಕಾರಣ ಹೇಳಬೇಕು. ಬಹುಮತದ ಕಡೆ ಇದ್ದವರಿಗೆ ನೀಲಿ ದಿಂಬಿನ ಗುರುತಿನ ಒಂದು ಬಿಲ್ಲೆ. ಎಲ್ಲರೂ ಒಂದು ಕಡೆ, ಒಬ್ಬನೇ ಇನ್ನೊಂದು ಕಡೆ ಆದರೆ ಆ ಒಬ್ಬನಿಗೆ ಮಾತ್ರ ಚಿನ್ನದ ದಿಂಬು. ಎಲ್ಲರಿಗೂ ಕಾಣದ ಗುಡ್ಡ ಅವನಿಗೊಬ್ಬನಿಗೆ ಕಂಡಿರಬಹುದಲ್ಲ! ಸರಿಯುತ್ತರ ಎಂಬುದು ಆಟದ ಪೆಟ್ಟಿಗೆಯಲ್ಲಿ ಇಲ್ಲ.

ಈ ಪ್ರಶ್ನೆಯನ್ನು ಸಿರುಗುಪ್ಪದ ಗಂಜಿ ಕೇಂದ್ರಕ್ಕೆ ತಂದು ನೋಡಿದರೆ ಅದರ ಹರಿತ ಗೊತ್ತಾಗುತ್ತದೆ. ತಹಶೀಲ್ದಾರರು ಹಂಚಿ ಎಂದಾರು, ಪೊಲೀಸರು ಗಲಾಟೆಯಾದೀತು ಬೇಡ ಎಂದಾರು, ಅಂಗನವಾಡಿ ಕಾರ್ಯಕರ್ತೆ ಮಕ್ಕಳಿಗೂ ಬಾಣಂತಿಯರಿಗೂ ಮೊದಲು ಎಂದಾಳು, ಊರಿನ ಹಿರಿಯರೊಬ್ಬರು ಎಲ್ಲರಿಗೂ ಮುಕ್ಕಾಲು ಹೊಟ್ಟೆ ಆಗಲಿ, ಗಂಜಿಗೆ ನೀರು ಸೇರಿಸಿ ಎಂದಾರು. ಈ ನಾಲ್ಕು ಮಾತುಗಳು ಮೊದಲ ಸಲ ಎದುರುಬದುರಾಗಬೇಕಾದದ್ದು ಪ್ರವಾಹದ ರಾತ್ರಿಯೋ, ಅಥವಾ ಬೇಸಗೆಯ ಒಂದು ಸಂಜೆ ಶಾಲೆಯ ಜಗುಲಿಯ ಮೇಲೋ ಎಂಬುದಷ್ಟೇ ಯಾಮೊರಿಯವರ ಪ್ರಶ್ನೆ. ಬೇಕಾದ ಖರ್ಚು ರಟ್ಟಿನ ಚೀಟಿಗಳದು.

ನೀರು ಹೆಚ್ಚಾದಾಗಿನ ಆಟ ಜಪಾನಿನದಾದರೆ ನೀರು ಕಡಿಮೆಯಾದಾಗಿನ ಆಟ ಬಳ್ಳಾರಿಯ ನೆರೆಯ ರಾಜ್ಯದಲ್ಲೇ ನಡೆದಿದೆ. ಅಂತರರಾಷ್ಟ್ರೀಯ ಆಹಾರ ನೀತಿ ಸಂಶೋಧನಾ ಸಂಸ್ಥೆಯ ರೂತ್ ಮೈನ್ಜೆನ್-ಡಿಕ್ ಮತ್ತು ಅವರ ಜೊತೆಗಾರರು ಆಂಧ್ರಪ್ರದೇಶದ ಹಳ್ಳಿಗಳಲ್ಲಿ ಒಂದು ಸ್ವಯಂಸೇವಾ ಸಂಸ್ಥೆಯೊಡನೆ ಸೇರಿ ಅಂತರ್ಜಲದ ಆಟ ಆಡಿಸಿದರು. ಅದರ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಆಟ ಬಲು ಸರಳ. ಗುಂಪಿನಲ್ಲಿ ಕುಳಿತ ಪ್ರತಿಯೊಬ್ಬ ರೈತನೂ ಪ್ರತಿ ಸುತ್ತಿನಲ್ಲಿ ಎರಡು ಬೆಳೆಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಒಂದಕ್ಕೆ ನೀರು ಕಡಿಮೆ, ಲಾಭವೂ ಕಡಿಮೆ. ಇನ್ನೊಂದಕ್ಕೆ ಎರಡೂ ಹೆಚ್ಚು. ಸುತ್ತು ಮುಗಿದಂತೆ ಎಲ್ಲರೂ ಸೇರಿ ಎಳೆದ ನೀರನ್ನು ಲೆಕ್ಕ ಹಾಕಿ ನೆಲದೊಳಗಿನ ಮಟ್ಟವನ್ನು ಇಳಿಸಲಾಗುತ್ತದೆ. ಮಳೆಯ ಲೆಕ್ಕದಲ್ಲಿ ಸ್ವಲ್ಪ ಮರಳಿ ಬರುತ್ತದೆ. ಎಲ್ಲರೂ ಲಾಭದ ಬೆಳೆಗೆ ಕೈಹಾಕಿದರೆ ನೀರು ಮುಗಿದು ಆಟವೂ ಮುಗಿಯುತ್ತದೆ. ತನ್ನ ಕೊಳವೆಬಾವಿ ತನ್ನ ಹೊಲದ್ದು ಎಂದುಕೊಂಡಿದ್ದ ರೈತನಿಗೆ, ಕೆಳಗಿನ ನೀರು ಪಕ್ಕದವನ ನೀರೇ ಎಂಬುದು ಕಣ್ಣಿಗೆ ಕಾಣುವುದು ಆ ಗಳಿಗೆಯಲ್ಲಿ.

ಆಟಗಾರರಿಗೆ ಗೆಲುವಿಗೆ ತಕ್ಕಂತೆ ಹಣ ಕೊಟ್ಟರೂ ಬೆಳೆಯ ಆಯ್ಕೆಯಲ್ಲಿ ವ್ಯತ್ಯಾಸವಾಗಲಿಲ್ಲವೆಂಬುದು ಸಂಶೋಧಕರು ಕಂಡುಕೊಂಡ ಸ್ವಾರಸ್ಯಗಳಲ್ಲೊಂದು. ಪರಸ್ಪರ ಮಾತಾಡಿಕೊಂಡು ಆಡಲು ಬಿಟ್ಟರೂ ಮೊದಲ ವರ್ಷ ಪ್ರಯೋಜನ ಕಾಣಲಿಲ್ಲ. ಒಂದು ವರ್ಷ ಬಿಟ್ಟು ಅದೇ ಹಳ್ಳಿಗಳಿಗೆ ಹೋಗಿ, ಆಟವನ್ನು ಸ್ವಲ್ಪ ಬದಲಿಸಿ, ಮತ್ತೆ ಆಡಿಸಿದಾಗ ಮಾತು ಕೆಲಸ ಮಾಡಿತು; ನೀರು ಉಳಿಯುವಂತೆ ಆಡಿದ ಗುಂಪುಗಳು ಹೆಚ್ಚಾದವು. ಆಟದ ನಂತರ ಊರವರನ್ನೆಲ್ಲ ಸೇರಿಸಿ ಚರ್ಚೆ ನಡೆಸುವುದು ಕ್ರಮವಾಗಿತ್ತು. ಆಟವೊಂದರಿಂದಲೇ ಅಂತರ್ಜಲ ಉಳಿದೀತೆಂದು ಸಂಶೋಧಕರು ಹೇಳಿಕೊಂಡಿಲ್ಲ. ಆದರೆ ಅದೇ ಸಂಸ್ಥೆ ಕೆಲಸ ಮಾಡುತ್ತಿದ್ದ ಬೇರೆ ಊರುಗಳಿಗೆ ಹೋಲಿಸಿದರೆ, ಆಟ ನಡೆದ ಊರುಗಳಲ್ಲಿ ಎಷ್ಟೋ ಹೆಚ್ಚು ಕಡೆ ಜನ ನೀರಿನ ಲೆಕ್ಕ ಬರೆಯುವ ಪುಸ್ತಕ ಇಟ್ಟರು, ಬಳಕೆಗೆ ಕಟ್ಟಳೆ ಮಾಡಿಕೊಂಡರು.